ತಿದ್ದಿಸುವ ಮೊದಲು ಗುರುತು ಮಾಡಿಸಿ

(ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಕನ್ನಡ ಪಾಲಕರ ಮುಂದೆ ಆಡಿದ ಮಾತಿನ ಬರಹ ರೂಪ)

ಒಂದು ಹಳೆಯ ನೋಟುಬುಕ್ಕಿನ ಕತೆಯಿಂದ ಶುರು ಮಾಡುತ್ತೇನೆ. ನಾನು ಟೀಚರಾಗಿ ಸೇರಿದ ಹೊಸತು. ಒಂದನೇ ಕ್ಲಾಸಿನ ಹುಡುಗನೊಬ್ಬನಿಗೆ ‘ಅ’ ಬರೆದುಕೊಂಡು ಬಾ ಎಂದು ಎರಡು ಪುಟ ಕೊಟ್ಟಿದ್ದೆ. ಮರುದಿನ ತಂದ. ಎರಡೂ ಪುಟ ತುಂಬಿದ್ದವು. ಮೊದಲ ಸಾಲಿನ ‘ಅ’ ಚೆನ್ನಾಗಿತ್ತು, ಯಾಕೆಂದರೆ ಅದರ ಮೇಲೆ ನಾನು ಬರೆದದ್ದಿತ್ತು. ಎರಡನೇ ಸಾಲನ್ನು ಅವನು ಮೊದಲನೆಯದನ್ನು ನೋಡಿ ಬರೆದಿದ್ದ. ಮೂರನೆಯದನ್ನು ಎರಡನೆಯದನ್ನು ನೋಡಿ. ಹೀಗೆ ಇಳಿಯುತ್ತಾ ಇಳಿಯುತ್ತಾ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಸುಳಿ ಬಿಚ್ಚಿಹೋಗಿತ್ತು, ಬಾಲ ಬೇರೆ ಕಡೆ ತಿರುಗಿತ್ತು. ಅದು ಯಾವ ಭಾಷೆಯ ಅಕ್ಷರವೂ ಆಗಿರಲಿಲ್ಲ. ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಒಂದು ‘ಅ’ ಬರೆದು ‘ಇದೇನು?’ ಅಂದೆ. ಹುಡುಗ ಸುಮ್ಮನೆ ನಿಂತ. ಹಿಂದಿನ ದಿನ ಎರಡು ಪುಟ ಬರೆದ ಅಕ್ಷರದ ಹೆಸರು ಅವನಿಗೆ ಗೊತ್ತಿರಲಿಲ್ಲ.

ತಪ್ಪು ನನ್ನದೇ. ಅವನ ಕೈಗೆ ಕೆಲಸ ಕೊಟ್ಟಿದ್ದೆ, ಕಿವಿಗೂ ಕಣ್ಣಿಗೂ ಏನೂ ಕೊಟ್ಟಿರಲಿಲ್ಲ. ಅವನಿಗೆ ಅದು ಚಿತ್ರ, ಅಷ್ಟೆ. ಬೇಸರದ ಚಿತ್ರ. ಅಂದಿನಿಂದ ನಾನು ಹಿಡಿದುಕೊಂಡ ಮಾತು ಒಂದೇ: ಅಕ್ಷರ ತಿದ್ದಿಸುವ ಮೊದಲು ಅದರ ಗುರುತು ಆಗಬೇಕು. ಪಕ್ಕದ ಮನೆಯವರ ಮುಖ ಗೊತ್ತಾದ ಹಾಗೆ. ಯಾರೂ ಮುಖವನ್ನು ಐವತ್ತು ಸಲ ಬರೆದು ಗುರುತು ಮಾಡಿಕೊಳ್ಳುವುದಿಲ್ಲ, ಅಲ್ವಾ? ದಿನಾ ನೋಡುತ್ತೇವೆ, ಮಾತಾಡುತ್ತೇವೆ, ಗುರುತಾಗುತ್ತದೆ.

ಇಲ್ಲೇ ನಮ್ಮ ಮುಂಬಯಿಯ ಕಷ್ಟ ಇರುವುದು. ಧಾರವಾಡದಲ್ಲೋ ಮೈಸೂರಿನಲ್ಲೋ ಇರುವ ಮಗು ಬೀದಿಗೆ ಇಳಿದರೆ ಸಾಕು, ಕಿರಾಣಿ ಅಂಗಡಿ, ಬಸ್ಸು, ಗೋಡೆ, ಎಲ್ಲ ಕಡೆ ಕನ್ನಡ. ಯಾರೂ ಕಲಿಸದೆ ಕಣ್ಣಿಗೆ ಬೀಳುತ್ತಿರುತ್ತದೆ. ನಮ್ಮ ಮಕ್ಕಳಿಗೆ ಲೋಕಲ್ ಸ್ಟೇಷನ್ನಿನ ಬೋರ್ಡು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ. ಊರಿನ ಸಿಟಿ ಬಸ್ಸು, ಅಂದರೆ ‘ಬೆಸ್ಟ್’ ಬಸ್ಸಿನ ಮುಂದಿನ ನಂಬರು ದೇವನಾಗರಿ ಅಂಕಿಯಲ್ಲಿ. ಇದು ದೂರಲ್ಲ. ಇದ್ದ ಊರಿನ ಅಕ್ಷರ ಮಗುವಿಗೆ ಬರಲೇಬೇಕು, ಬರಲಿ. ಆದರೆ ಕನ್ನಡದ ಅಕ್ಷರ ಕಾಣಬೇಕೆಂದರೆ ಅದು ಮನೆಯೊಳಗೇ ಕಾಣಬೇಕು. ಊರಿನಲ್ಲಿ ಬೀದಿ ಮಾಡುವ ಕೆಲಸವನ್ನು ಇಲ್ಲಿ ಅಡಿಗೆಮನೆ ಮಾಡಬೇಕು.

ಘಾಟ್‌ಕೋಪರಿನ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಇದನ್ನು ಎಷ್ಟು ಚೆನ್ನಾಗಿ ಮಾಡಿದರು ಗೊತ್ತಾ? ನಾಲ್ಕೇ ನಾಲ್ಕು ಡಬ್ಬಿಗಳಿಗೆ ಚೀಟಿ ಅಂಟಿಸಿದರು. ರವೆ, ರಾಗಿ, ಸಾಸಿವೆ, ಜೀರಿಗೆ. ಅಂಗೈ ಅಗಲದ ಚೀಟಿ, ದಪ್ಪ ಮಾರ್ಕರ್ ಪೆನ್ನು. ಮೊಮ್ಮಗಳಿಗೆ ನಾಲ್ಕು ವರ್ಷ. ‘ಓದು’ ಎಂದು ಅವರು ಒಂದು ದಿನವೂ ಹೇಳಲಿಲ್ಲ. ‘ರವೆ ಡಬ್ಬಿ ಕೊಡು ಮಗಾ’ ಅನ್ನುತ್ತಿದ್ದರು, ಅಷ್ಟೆ. ಹದಿನೈದು ದಿನ ಕಳೆದ ಮೇಲೆ ಬೇಕೆಂದೇ ರಾಗಿ ಡಬ್ಬಿಗೆ ರವೆ ಚೀಟಿ ಹಚ್ಚಿಟ್ಟರು. ಮಗು ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಒಳಗೆ ನೋಡಿ, ಮತ್ತೆ ಚೀಟಿ ನೋಡಿ, ‘ಅಜ್ಜಿ, ನೀವು ತಪ್ಪು ಹಚ್ಚಿದ್ದೀರಿ’ ಅಂದಳು. ಅದು ಓದು. ನನ್ನ ಲೆಕ್ಕದಲ್ಲಿ ಆ ಮಗು ಆ ದಿನ ಓದಲು ಕಲಿತಳು, ಒಂದು ಅಕ್ಷರವನ್ನೂ ಬರೆಯದೆ.

ನಾಲ್ಕು ಡಬ್ಬಿ ಸಾಕು. ಕೆಲವರು ಹುರುಪಿನಲ್ಲಿ ಫ್ರಿಜ್ಜು, ಕಪಾಟು, ಕಿಟಕಿ, ಫ್ಯಾನಿನವರೆಗೂ ಚೀಟಿ ಹಚ್ಚುತ್ತಾರೆ. ಮೂರು ದಿನಕ್ಕೆ ಅದು ಗೋಡೆಯ ಬಣ್ಣದ ಹಾಗೆ ಆಗಿಬಿಡುತ್ತದೆ, ಯಾರೂ ನೋಡುವುದಿಲ್ಲ. ಮಗು ಕೈಯಲ್ಲಿ ಹಿಡಿಯುವ, ತೆಗೆದು ಕೊಡುವ ವಸ್ತುವಿಗೆ ಮಾತ್ರ ಹಚ್ಚಿ. ಇನ್ನು ಎಲ್ಲಕ್ಕಿಂತ ಮೊದಲ ಚೀಟಿ ಮಗುವಿನ ಹೆಸರಿನದು. ಅದರಲ್ಲಿ ಒತ್ತಕ್ಷರ ಇದ್ದರೂ ಪರವಾಗಿಲ್ಲ. ಹೆಸರಿನಲ್ಲಿ ‘ಶ್ರೀ’ ಇದ್ದ ಹುಡುಗನೊಬ್ಬ ನನ್ನ ಭಾನುವಾರದ ಕ್ಲಾಸಿನಲ್ಲಿದ್ದ. ‘ಕ’ ಗೊತ್ತಿಲ್ಲದಾಗಲೇ ‘ಶ್ರೀ’ ಗೊತ್ತಿತ್ತು. ಲಗ್ನಪತ್ರಿಕೆ ಸಿಕ್ಕರೆ ‘ನನ್ನ ಅಕ್ಷರ, ನನ್ನ ಅಕ್ಷರ’ ಎಂದು ಬೆರಳಿಡುತ್ತಿದ್ದ.

ಈಗ ಕಿವಿಯ ವಿಷಯ. ಗೋಡೆಯ ಮೇಲೆ ನೇತು ಹಾಕುವ ಚಾರ್ಟು ನಿಮಗೆಲ್ಲ ಗೊತ್ತು. ಅ ಅರಸ, ಆ ಆನೆ, ಇ ಇಲಿ. ಮಗು ಗಡಗಡ ಹೇಳುತ್ತದೆ, ನಮಗೆ ಖುಷಿ. ಒಮ್ಮೆ ಆ ಚಿತ್ರದ ಮೇಲೆ ಕೈ ಮುಚ್ಚಿ ಕೇಳಿ ನೋಡಿ. ಎಷ್ಟೋ ಮಕ್ಕಳು ನಿಲ್ಲುತ್ತಾರೆ. ಅವರು ಓದುತ್ತಿದ್ದದ್ದು ಇಲಿಯನ್ನು, ‘ಇ’ಯನ್ನಲ್ಲ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಕೂತಿರುವ ಅರ್ಧದಷ್ಟು ಮನೆಗಳಲ್ಲಿ ಮಾತು ತುಳು. ನನ್ನ ಕ್ಲಾಸಿನ ಒಬ್ಬ ಹುಡುಗಿ ಚಾರ್ಟು ನೋಡಿ ಏನು ಹೇಳಿದಳು ಕೇಳಿ. ‘ಇ’ ಪಕ್ಕದ ಚಿತ್ರಕ್ಕೆ ಬೆರಳಿಟ್ಟು ‘ಎಲಿ’ ಅಂದಳು. ತುಳುವಿನಲ್ಲಿ ಇಲಿಗೆ ಎಲಿ ಎಂದೇ ಹೇಳುವುದು. ಕೆಳಗೆ ‘ಎ’ ಪಕ್ಕ ಎಲೆಯ ಚಿತ್ರ. ಅದಕ್ಕೆ ‘ಇರೆ’ ಅಂದಳು. ಅದೂ ಸರಿಯೇ. ನೋಡಿ, ‘ಇ’ ಇರುವಲ್ಲಿ ‘ಎ’ ಬಂತು, ‘ಎ’ ಇರುವಲ್ಲಿ ‘ಇ’ ಬಂತು. ಮಗುವಿನ ಕಿವಿ ಸರಿಯಾಗಿಯೇ ಕೆಲಸ ಮಾಡಿತ್ತು. ಚಾರ್ಟು ಅವಳ ಮನೆಯ ಮಾತಿಗೆ ಆಗಿಬರಲಿಲ್ಲ. ಇದು ಗೊತ್ತಾಗದೆ ‘ಇವಳಿಗೆ ಇ, ಎ ವ್ಯತ್ಯಾಸವೇ ತಿಳಿಯುವುದಿಲ್ಲ’ ಎಂದು ನಾವು ಬರೆದುಬಿಡುತ್ತೇವೆ. ನಾನು ಅವಳಿಗೆ ‘ಇ’ಗೆ ಇಡ್ಲಿ ಕೊಟ್ಟೆ, ‘ಎ’ಗೆ ಎಳ್ಳು ಕೊಟ್ಟೆ. ಎಳ್ಳು ಬಾಯಲ್ಲೇ ಕೊಟ್ಟೆ, ಬೆಲ್ಲದ ಜೊತೆ. ನಿಮ್ಮ ಮನೆಯ ಮಾತು ತುಳುವೋ ಕೊಂಕಣಿಯೋ ಏನೇ ಇರಲಿ, ಆ ಮಾತಿನಲ್ಲೂ ಕನ್ನಡದಲ್ಲೂ ಒಂದೇ ಅಕ್ಷರದಿಂದ ಶುರುವಾಗುವ ಪದ ಹುಡುಕಿ ಇಟ್ಟುಕೊಳ್ಳಿ. ಆನೆ ಹಾಗಿದೆ. ತುಳುವಿನಲ್ಲೂ ಆನೆಯೇ.

ಕಿವಿಯ ಆಟಕ್ಕೆ ಪುಸ್ತಕ ಬೇಡ. ಲೋಕಲ್‌ನಲ್ಲಿ ಕೂತು ಆಡಿ. ‘ಸ’ದಿಂದ ಏನೇನು? ಸರ, ಸಬ್ಬಸಿಗೆ, ಸಕ್ಕರೆ. ಚಪ್ಪಾಳೆ ತಟ್ಟಿ ಎಣಿಸಿ. ಕ-ಮ-ಲ, ಮೂರು. ಇಲ್ಲಿ ನಮ್ಮ ಮಕ್ಕಳು ಎರಡೇ ತಟ್ಟುತ್ತಾರೆ, ‘ಕ-ಮಲ್’. ಮರಾಠಿಯಲ್ಲಿ, ಹಿಂದಿಯಲ್ಲಿ ಹಾಗೇ ಓದುವುದು, ಕೊನೆಯ ‘ಅ’ ನುಂಗಿಹೋಗುತ್ತದೆ. ಕನ್ನಡದಲ್ಲಿ ಬರೆದದ್ದೆಲ್ಲ ಬಾಯಿಗೆ ಬರಬೇಕು. ಬೈಯುವುದು ಬೇಡ. ಮೂರನೇ ಚಪ್ಪಾಳೆ ನೀವೇ ಜೋರಾಗಿ ತಟ್ಟಿ, ಸಾಕು.

ಮರಾಠಿ ಬಂದರೆ ಕನ್ನಡ ಕೆಡುತ್ತದೆ ಎಂದು ಹೆದರುವವರು ಜಾಸ್ತಿ. ನನ್ನ ಅನುಭವ ಅದಕ್ಕೆ ಉಲ್ಟಾ. ದೇವನಾಗರಿ ಕಲಿತ ಮಗುವಿಗೆ ಅರ್ಧ ದಾರಿ ಆಗಿಯೇ ಇರುತ್ತದೆ. ವರ್ಣಮಾಲೆಯ ಸಾಲು ಒಂದೇ, ಕ ಖ ಗ ಘ. ಮಹಾಪ್ರಾಣ ಎಂದರೆ ಏನೆಂದು ಗೊತ್ತು. ‘ಳ’ ಮರಾಠಿಯಲ್ಲೂ ಇದೆ, ಅದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಹೊಸದು ಎಂದರೆ ಗಿಡ್ಡ ‘ಎ’ ಮತ್ತು ಗಿಡ್ಡ ‘ಒ’. ದೇವನಾಗರಿಯಲ್ಲಿ ಒಂದೇ ‘ಏ’, ಒಂದೇ ‘ಓ’. ನಮ್ಮಲ್ಲಿ ಎಲೆ ಬೇರೆ, ಏಲಕ್ಕಿ ಬೇರೆ. ಅಲ್ಲಿ ಸ್ವಲ್ಪ ನಿಧಾನ ಮಾಡಿ.

ಬರವಣಿಗೆಯಲ್ಲಿ ಒಂದು ತಮಾಷೆಯ ತಪ್ಪು ಬರುತ್ತದೆ, ನನಗೆ ಅದು ತುಂಬಾ ಇಷ್ಟ. ಮುನಿಸಿಪಾಲಿಟಿಯ ಮರಾಠಿ ಶಾಲೆಗೆ ಹೋಗುವ ಒಬ್ಬಳು ‘ರಸ’ ಎಂದು ಬರೆದಳು. ಎರಡೂ ಅಕ್ಷರ ಚೆಂದ. ಆದರೆ ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ಗೆರೆ ಎಳೆದಿದ್ದಳು, ಬಾಲ್ಕನಿಯ ಬಟ್ಟೆ ಹಗ್ಗದ ಹಾಗೆ. ಎರಡು ಅಕ್ಷರವೂ ಅದಕ್ಕೆ ಜೋತುಬಿದ್ದಿದ್ದವು. ಮರಾಠಿಯಲ್ಲಿ ಶಿರೋರೇಖೆ ಪದಕ್ಕೆಲ್ಲ ಒಂದೇ. ಕನ್ನಡದಲ್ಲಿ ತಲಕಟ್ಟು ಒಂದೊಂದು ಅಕ್ಷರಕ್ಕೆ ಒಂದೊಂದು. ನಾನು ತಪ್ಪು ಎಂದು ಹೇಳಲಿಲ್ಲ. ‘ಕನ್ನಡದಲ್ಲಿ ಪ್ರತಿಯೊಬ್ಬರಿಗೂ ಅವರವರ ಟೊಪ್ಪಿಗೆ’ ಅಂದೆ. ಹಗ್ಗವನ್ನು ರಬ್ಬರಿನಿಂದ ನಡುವೆ ಸ್ವಲ್ಪ ಒರೆಸಿ, ಎರಡು ಟೊಪ್ಪಿಗೆ ಮಾಡಿ, ತುದಿಯನ್ನು ಮೇಲಕ್ಕೆ ತಿರುಗಿಸಿದಳು. ಆಮೇಲೆ ಅವಳೇ ಕೇಳಿದಳು, ‘ಟೀಚರ್, ಜ-ಗೆ ಯಾಕೆ ಟೊಪ್ಪಿಗೆ ಇಲ್ಲ?’ ಒಳ್ಳೆಯ ಪ್ರಶ್ನೆ. ಜ, ಬ, ಲ, ಟ, ಣ, ಖ, ಇವಕ್ಕೆ ತಲಕಟ್ಟಿಲ್ಲ. ಟೊಪ್ಪಿಗೆ ಇರುವವರು ಈ ಕಡೆ, ಇಲ್ಲದವರು ಆ ಕಡೆ ಎಂದು ಅಕ್ಷರದ ಚೀಟಿಗಳನ್ನು ವಿಂಗಡಿಸುವ ಆಟ ಅಲ್ಲಿಂದಲೇ ಹುಟ್ಟಿತು. ಈಗಲೂ ಪ್ರತಿ ಬ್ಯಾಚಿಗೂ ಅದನ್ನು ಆಡಿಸುತ್ತೇನೆ. ಅದರಿಂದ ಮುಂದೆ ಕಾಗುಣಿತಕ್ಕೂ ಅನುಕೂಲ. ‘ರ’ ಹೋಗಿ ‘ರಿ’ ಆಗುವಾಗ ಟೊಪ್ಪಿಗೆ ತೆಗೆದು ಗುಡಿಸು ಹಾಕುತ್ತೇವೆ ಅಂದರೆ ಮಗುವಿಗೆ ತಟ್ಟನೆ ಹೊಳೆಯುತ್ತದೆ.

ಇನ್ನು ಯಾವ ಅಕ್ಷರ ಮೊದಲು? ಅ ಆ ಇ ಈ ಎಂದೇ ಶುರು ಮಾಡಬೇಕು ಎನ್ನುವವರಿದ್ದಾರೆ. ಆ ಸಾಲಿನ ಬಗ್ಗೆ ನನಗೆ ಬಹಳ ಗೌರವ. ಈಗ ಎಲ್ಲರೂ ನಿಧಾನವಾಗಿ ಹೇಳಿ ನೋಡಿ: ಕ, ಚ, ಟ, ತ, ಪ. ಇನ್ನೊಮ್ಮೆ. ನಾಲಿಗೆ ಎಲ್ಲಿ ತಾಗುತ್ತದೆ ಗಮನಿಸಿ. ಗಂಟಲ ಹತ್ತಿರ ಶುರುವಾಗಿ ಅಂಗುಳ, ಹಲ್ಲು, ಕೊನೆಗೆ ತುಟಿ. ಒಳಗಿನಿಂದ ಹೊರಗೆ ಬರುತ್ತದೆ. ಎಂಥ ಬುದ್ಧಿವಂತರು ಜೋಡಿಸಿಟ್ಟ ಸಾಲು ಇದು! ಮಕ್ಕಳಿಗೆ ಇದನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿಸಿ, ಖಂಡಿತ ಮಾಡಿಸಿ. ಆದರೆ ಇದು ಬಾಯಿಗೆ ಮಾಡಿದ ಸಾಲು, ಕೈಗೆ ಮಾಡಿದ್ದಲ್ಲ. ಮೊದಲ ದಿನವೇ ‘ಅ’ ಬರೆಸುವುದು, ನಾಲ್ಕನೇ ದಿನ ‘ಈ’ ಬರೆಸುವುದು ಐದು ವರ್ಷದ ಬೆರಳಿಗೆ ಬಹಳ ಭಾರ. ‘ಈ’ಯನ್ನು ನೀವೇ ಒಮ್ಮೆ ಬರೆದು ನೋಡಿ, ಎಷ್ಟು ಕಡೆ ತಿರುಗಬೇಕು ಅಂತ. ‘ಙ’, ‘ಞ’ ಕಲಿತು ಮಗು ಯಾವ ಪದ ಓದುತ್ತದೆ?

ಅದಕ್ಕೇ ಕರ್ನಾಟಕದ ಸರಕಾರಿ ಶಾಲೆಗಳ ‘ನಲಿ-ಕಲಿ’ ಎಂಬ ಕಲಿಸುವ ಕ್ರಮದಲ್ಲಿ ಬೇರೆ ಸಾಲು ಹಿಡಿದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದದ್ದು ಅದು. ಅಲ್ಲಿ ಮೊದಲ ಗುಂಪು ರ ಗ ಸ ದ ಅ. ಆಮೇಲೆ ಜ ವ ಮ ಬ ನ. ಬರೆಯಲು ಸುಲಭ, ಒಂದರ ಆಕಾರ ಇನ್ನೊಂದಕ್ಕೆ ಹತ್ತಿರ. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಐದು ಅಕ್ಷರ ಗೊತ್ತಾದ ದಿನವೇ ಪದ ಓದಬಹುದು. ಸರ, ರಸ, ದರ, ಅರಸ, ಅಗಸ, ಗರಗಸ. ಕಾಗುಣಿತ ಬೇಡ, ಒತ್ತಕ್ಷರ ಬೇಡ. ‘ನನಗೆ ಓದಲು ಬರುತ್ತದೆ’ ಎಂದು ಮಗುವಿಗೆ ಎರಡನೇ ವಾರದಲ್ಲೇ ಅನಿಸುತ್ತದೆ. 49 ಅಕ್ಷರ ಮುಗಿಸಿ, ಕಾಗುಣಿತ ಮುಗಿಸಿ ಆಮೇಲೆ ಪದ ಎಂದರೆ ಆ ಖುಷಿ ಬರುವಷ್ಟರಲ್ಲಿ ವರ್ಷ ಕಳೆದಿರುತ್ತದೆ. 34 ವ್ಯಂಜನಕ್ಕೆ 13 ಸ್ವರ ಸೇರಿಸಿದರೆ 442 ರೂಪ ಆಗುತ್ತದೆ, ಒತ್ತಕ್ಷರ ಬಿಟ್ಟು. ಅಷ್ಟು ದಿನ ಮಗು ಕಾಯಬೇಕಾ?

ಆದರೆ ಒಂದು ಮಾತು. ನಮ್ಮ ಬಿಲ್ಡಿಂಗಿನ ಮಕ್ಕಳು ಗರಗಸ ನೋಡಿಲ್ಲ. ಓದುತ್ತಾರೆ, ಏನೆಂದು ತಿಳಿಯುವುದಿಲ್ಲ. ನಾನು ಒಂದು ಭಾನುವಾರ ಬಡಗಿಯಿಂದ ಸಣ್ಣ ಗರಗಸ ತಂದು, ಹಲ್ಲಿಗೆ ಬಟ್ಟೆ ಸುತ್ತಿ ತೋರಿಸಿದೆ. ಒಂದು ಪಟ್ಟಿ ಮರ ಕುಯ್ದು ‘ಗರಗರ’ ಸದ್ದು ಕೇಳಿಸಿದೆ. ಆ ಪದ ಅವರು ಮರೆಯುವುದಿಲ್ಲ. ಅಗಸ ಎಂದರೆ ಧೋಬಿ ಎಂದು ಹೇಳಿ, ಮಹಾಲಕ್ಷ್ಮಿಯ ಧೋಬಿಘಾಟ್ ನೆನಪಿಸಿ. ರಸ ಎಂದರೆ ಮೇ ತಿಂಗಳಿನಲ್ಲಿ ಪೂರಿಯ ಜೊತೆ ತಿನ್ನುವ ಆಮ್‌ರಸದ ರಸ. ಅರ್ಥ ಇಲ್ಲದ ಓದು ಬಹಳ ದಿನ ಉಳಿಯುವುದಿಲ್ಲ.

ಇದೇ ಮಾತನ್ನು ನಮ್ಮ ಪಕ್ಕದಲ್ಲೇ ಮಾಡಿ ತೋರಿಸಿದವರು ಶಿಶುಶಿಕ್ಷಣಕ್ಕೆ ದುಡಿದ ತಾರಾಬಾಯಿ ಮೋಡಕ್. 1945ರಲ್ಲಿ ಡಹಾಣು ಹತ್ತಿರದ ಬೋರ್ಡಿಯಲ್ಲಿ, ಆಮೇಲೆ ಕೊಸಬಾಡದ ಗುಡ್ಡದ ಮೇಲೆ, ಅನುತಾಯಿ ವಾಘ್ ಅವರ ಜೊತೆ ಆದಿವಾಸಿ ಮಕ್ಕಳಿಗೆ ಬಾಲವಾಡಿ ನಡೆಸಿದರು. ದುಬಾರಿ ಸಾಮಾನು ಇರಲಿಲ್ಲ. ಎಲೆ, ಕಲ್ಲು, ಚಿಪ್ಪು, ಮಗುವಿನ ಸುತ್ತ ಇದ್ದದ್ದೇ ಪಾಠದ ಸಾಮಾನು. ಇಲ್ಲಿಂದ ಡಹಾಣು ಎಷ್ಟು ದೂರ? ನಮ್ಮದೇ ಪ್ರದೇಶದ ಈ ಕೆಲಸ ಗೊತ್ತಿಲ್ಲದೆ ನಾವು ಆನ್‌ಲೈನಿನಲ್ಲಿ ಸಾವಿರಾರು ರೂಪಾಯಿಯ ಕಿಟ್ ತರಿಸುತ್ತೇವೆ.

ಈಗ ಕೈ. ಮಗುವಿನ ಬೆರಳಿಗೆ ಬಲ ಬರುವ ಮೊದಲು ಪೆನ್ಸಿಲ್ ಕೊಟ್ಟರೆ ಅದು ಮುಷ್ಟಿ ಕಟ್ಟಿ ಹಿಡಿಯುತ್ತದೆ. ಆ ಹಿಡಿತ ಆಮೇಲೆ ಬಿಡಿಸುವುದು ಬಹಳ ಕಷ್ಟ. ಮೂರು-ನಾಲ್ಕು ವರ್ಷಕ್ಕೆ ಚಪಾತಿ ಹಿಟ್ಟು ಕೊಡಿ. ಹೊಸೆಯಲಿ, ಉಂಡೆ ಮಾಡಲಿ. ಹಿಟ್ಟಿನ ಹುರಿಯನ್ನೇ ಬಗ್ಗಿಸಿ ‘ರ’ ಮಾಡಲಿ. ಬಟಾಣಿ ಬಿಡಿಸಲಿ, ಹೂ ಕಟ್ಟಲಿ. ಬಟ್ಟೆಗೆ ಕ್ಲಿಪ್ ಹಾಕಲಿ, ಅದಂತೂ ಬೆರಳಿಗೆ ಒಳ್ಳೆಯ ಕಸರತ್ತು. ವಿಜಯದಶಮಿಗೆ ಅಕ್ಷರಾಭ್ಯಾಸ ಮಾಡಿಸುತ್ತೇವಲ್ಲ, ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು. ಎಷ್ಟು ಒಳ್ಳೆಯ ವಿಧಾನ ಅದು! ನಾವು ಅದನ್ನು ಒಂದೇ ದಿನಕ್ಕೆ ನಿಲ್ಲಿಸಿಬಿಡುತ್ತೇವೆ. ಮರುದಿನದಿಂದ ಗೆರೆ ಎಳೆದ ಪುಸ್ತಕ. ತಟ್ಟೆಯಲ್ಲಿ ರವೆ ಹಾಕಿಕೊಂಡು ಆರು ತಿಂಗಳು ಬರೆಸಿ. ತಪ್ಪಾದರೆ ತಟ್ಟೆ ಅಲ್ಲಾಡಿಸಿದರಾಯಿತು, ತಪ್ಪಿನ ಗುರುತೇ ಇಲ್ಲ. ಮಗುವಿಗೆ ಅದರಿಂದ ಎಷ್ಟು ಧೈರ್ಯ ಬರುತ್ತದೆ ಎಂದರೆ, ನೋಡಿಯೇ ತಿಳಿಯಬೇಕು.

ಸ್ನಾನದ ಮನೆಯ ಟೈಲ್ಸ್ ಮೇಲೆ ಒದ್ದೆ ಬೆರಳಿನಿಂದ ಬರೆಸಿ. ನಿಂತುಕೊಂಡು ಗೋಡೆಯ ಮೇಲೆ ಬರೆದರೆ ಮಣಿಕಟ್ಟಿಗೆ ಬಲ. ಸ್ಲೇಟಿಗೆ ಉದ್ದ ಬಳಪ ಕೊಡಬೇಡಿ, ಮುರಿದು ತುಂಡು ಕೊಡಿ. ತುಂಡು ಬಳಪವನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ಮೂರು ಬೆರಳು ತಾನಾಗಿಯೇ ಸೇರಿಕೊಳ್ಳುತ್ತವೆ. ನಮ್ಮ ಅಜ್ಜಂದಿರು ಬಡತನದಿಂದ ತುಂಡು ಬಳಪದಲ್ಲಿ ಬರೆದರು. ಅವರ ಅಕ್ಷರ ನೋಡಿದ್ದೀರಲ್ಲ, ಮುತ್ತಿನ ಹಾಗೆ!

ನನ್ನ ಅಪ್ಪನ ನೆನಪಾಗುತ್ತದೆ. ಕೋಟೆಯ, ಅಂದರೆ ಫೋರ್ಟಿನ, ಒಂದು ಉಡುಪಿ ಹೋಟೆಲಿನಲ್ಲಿ ಹಗಲು ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಆ ತಲೆಮಾರಿನ ಎಷ್ಟೋ ಜನ ಹಾಗೆಯೇ ಓದಿದವರು. ಅಪ್ಪ ಹೇಳುತ್ತಿದ್ದರು, ಟೇಬಲ್ ಒರೆಸುವಾಗ ಒದ್ದೆ ಬಟ್ಟೆ ಬಿಟ್ಟು ಬೆರಳಿನಿಂದ ‘ಕ್ಷ’ ಬರೆದು ನೋಡುತ್ತಿದ್ದೆ, ಮಾಲೀಕರು ಬರುವಷ್ಟರಲ್ಲಿ ಆರಿಹೋಗುತ್ತಿತ್ತು ಎಂದು.

ಬರೆಯುವ ದಾರಿಯನ್ನು ಬಾಯಲ್ಲಿ ಹೇಳಿಕೊಡಿ. ‘ಗ’ ಬರೆಯುವಾಗ ನಾನು ಹೇಳುವುದು ಹೀಗೆ: ಎಡಗಡೆ ಕೆಳಗಿನಿಂದ ಹತ್ತು, ಗುಡ್ಡ ದಾಟು, ಬಲಗಡೆ ಇಳಿ, ಟೊಪ್ಪಿಗೆ ಹಾಕು. ಮಗು ಬರೆಯುವಾಗ ಅದನ್ನೇ ಗುನುಗುತ್ತದೆ. ಎಲ್ಲಿ ಶುರು ಮಾಡಬೇಕು ಎನ್ನುವುದು ಮುಖ್ಯ. ಚುಕ್ಕೆ ಸೇರಿಸುವ ಪುಸ್ತಕದಲ್ಲಿ ಮಗು ಎಲ್ಲಿಂದ ಬೇಕಾದರೂ ಶುರು ಮಾಡಿ ಎಲ್ಲಿಗೆ ಬೇಕಾದರೂ ಮುಗಿಸುತ್ತದೆ. ಆಕಾರ ಬರುತ್ತದೆ, ದಾರಿ ಬರುವುದಿಲ್ಲ. ಒಂದು ದಿನಕ್ಕೆ ಐದು ಸಲ ಸಾಕು, ನಿಮ್ಮ ಕಣ್ಣೆದುರು. ಆ ಐದರಲ್ಲಿ ಯಾವುದು ಚೆನ್ನಾಗಿದೆ ಎಂದು ಮಗುವೇ ಸುತ್ತು ಹಾಕಲಿ.

ಕಣ್ಣಿಗೆ ಒಂದೇ ಅನಿಸುವಷ್ಟು ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದೇ ದಿನ ಕಲಿಸಬೇಡಿ. ಪ, ಷ, ಫ ಮೂರನ್ನೂ ಒಟ್ಟಿಗೆ ತಂದರೆ ಮೂರೂ ಕಲಸಿಹೋಗುತ್ತವೆ. ‘ಪ’ ಗಟ್ಟಿಯಾಗಲಿ, ಒಂದು ತಿಂಗಳ ನಂತರ ‘ಷ’ ಬರಲಿ. ‘ಮ’ ಮತ್ತು ‘ವು’ ಇನ್ನೊಂದು ಜೋಡಿ. ‘ಹೂವು’ ಎನ್ನುವುದನ್ನು ‘ಹೂಮ’ ಎಂದು ಓದದ ಮಗುವನ್ನು ನಾನು ನೋಡಿಲ್ಲ. ಎರಡನ್ನೂ ದೊಡ್ಡದಾಗಿ ಅಕ್ಕಪಕ್ಕ ಬರೆದು, ಬಾಲ ಎಲ್ಲಿ ಅಂಟಿದೆ ತೋರಿಸು ಅನ್ನಿ. ಬೆರಳಿಡಲಿ. ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯುವುದಕ್ಕೂ ಗಾಬರಿ ಬೇಡ. ಆರೇಳು ವರ್ಷದವರೆಗೆ ಅದು ಮಾಮೂಲು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗೆ ಒಂದೇ ಘಟ್ಟ ಎಂದು ಇಟ್ಟಿದೆ. ಐದು ವರ್ಷ ಇದೆ ನಮ್ಮ ಕೈಯಲ್ಲಿ. ಸೀನಿಯರ್ ಕೆಜಿಗೇ ಮುಗಿಸುವ ಅವಸರ ಯಾರಿಗಾಗಿ?

ರಜೆಯಲ್ಲಿ ಊರಿಗೆ ಹೋಗುವಾಗ ರೈಲಿನಲ್ಲಿ ಮಗುವನ್ನು ಕಿಟಕಿ ಪಕ್ಕ ಕೂರಿಸಿ. ಗೋವಾ ದಾಟಿ ಕಾರವಾರ ಬಂದ ಮೇಲೆ ಸ್ಟೇಷನ್ ಬೋರ್ಡಿನಲ್ಲಿ ಕನ್ನಡ ಕಾಣತೊಡಗುತ್ತದೆ. ಡಬ್ಬಿಯ ಚೀಟಿಯಲ್ಲಿದ್ದ ‘ರ’ ಅಷ್ಟು ದೊಡ್ಡ ಹಳದಿ ಬೋರ್ಡಿನ ಮೇಲೆ ಕಂಡಾಗ ಆ ಮುಖ ನೋಡಬೇಕು. ಕಾರವಾರದಲ್ಲಿ ಎರಡು ‘ರ’ ಇವೆ. ಎರಡನ್ನೂ ಹುಡುಕಲಿ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಕೇಳಿದರು: ‘ನನ್ನ ಮೊಮ್ಮಗ ಎಡಗೈಯಲ್ಲಿ ಬರೆಯುತ್ತಾನೆ. ಬಲಗೈ ರೂಢಿ ಮಾಡಿಸಬೇಕಾ ಅಮ್ಮಾ?’ ಬೇಡ. ಅವನ ಕೈ ಯಾವುದೋ ಅದೇ ಕೈ. ಆದರೆ ಅವನಿಗೆ ಸ್ವಲ್ಪ ಸಹಾಯ ಬೇಕು. ನಾವು ಬರೆಯುವುದು ಎಡದಿಂದ ಬಲಕ್ಕೆ. ಎಡಗೈಯವರ ಅಂಗೈ ಬರೆದ ಸಾಲಿನ ಮೇಲೆಯೇ ಹಿಂಬಾಲಿಸಿ ಬರುತ್ತದೆ. ಸ್ಲೇಟಾದರೆ ತಾನು ಬರೆದದ್ದನ್ನು ತಾನೇ ಒರೆಸಿಕೊಂಡು ಹೋಗುತ್ತಾನೆ, ಪಾಪ. ಸ್ಲೇಟನ್ನೋ ಪುಸ್ತಕವನ್ನೋ ಅವನ ಎದೆಯ ನೇರಕ್ಕೆ ಇಡಬೇಡಿ, ಸ್ವಲ್ಪ ಎಡಕ್ಕೆ ಇಡಿ, ಮೇಲಿನ ತುದಿ ಬಲಕ್ಕೆ ವಾಲಿರಲಿ. ಬಳಪ, ಪೆನ್ಸಿಲ್ ತುದಿಯಿಂದ ಸ್ವಲ್ಪ ಮೇಲೆ ಹಿಡಿಯಲಿ, ಬರೆದದ್ದು ಅವನಿಗೆ ಕಾಣಬೇಕು. ಇನ್ನೊಬ್ಬ ಮಗುವಿನ ಪಕ್ಕ ಕೂರಿಸುವುದಾದರೆ ಬೆಂಚಿನ ಎಡತುದಿಯಲ್ಲಿ ಕೂರಿಸಿ, ಮೊಣಕೈ ತಾಗುವುದಿಲ್ಲ.